ಮೇ 1 ಹುಟ್ಟಿದ ನಾಡಿನಲ್ಲೇ ಮೇ 1ಕ್ಕೆ ರಜೆ ಇಲ್ಲವಂತೆ, ಏಕೆ?

ಬನಹಟ್ಟಿ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಎರಡು ದಿನಗಳಿಂದ ತಲೆ ಕೊರೆಯುತ್ತಿರುವ ಪ್ರಶ್ನೆಯನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ.

ಮೊನ್ನೆ ಮೇ 1. ಬೇಸಿಗೆ ರಜೆಯಾದ್ದರಿಂದ ತವರಿನಲ್ಲಿದ್ದೆ. ನಮ್ಮ ಮನೆಯ ಎದುರಿಗೇ ನಾಲ್ಕು ವಿದ್ಯುತ್ ಮಗ್ಗಗಳ ಶೆಡ್ಡು ಇದೆ. ಬೆಳಿಗ್ಗೆ ಆರಕ್ಕೆ ಶುರುವಾದ ಮಗ್ಗದ ಸದ್ದು ಮಧ್ಯಾಹ್ನವಾದರೂ ನಿಂತಿರಲಿಲ್ಲ. ಪಕ್ಕದ ಮನೆಯ ಹುಡುಗ, ಈಗ ಏಳನೆಯ ತರಗತಿ ಮುಗಿಸಿದವನು, ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಕುಳಿತಿದ್ದ. ಅಜ್ಜಿ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು, ಇವನು ಬುಟ್ಟಿಗೆ ಜೋಡಿಸುತ್ತಿದ್ದ. ಮೊಬೈಲ್‌ಗೆ ಯಾರೋ ಕಳಿಸಿದ ಕಾರ್ಮಿಕರ ದಿನದ ಶುಭಾಶಯವನ್ನು ನನಗೆ ತೋರಿಸಿ, ‘ಟೀಚರ್, ಇಂದು ಕಾರ್ಮಿಕರಿಗೆಲ್ಲ ರಜೆ ಎಂದು ಬರೆದಿದ್ದಾರೆ. ಅಪ್ಪ ಮಾತ್ರ ಮಗ್ಗದ ಮುಂದೆಯೇ ನಿಂತಿದ್ದಾರೆ. ಹಾಗಾದರೆ ಅಪ್ಪ ಕಾರ್ಮಿಕರಲ್ಲವೇ?’ ಎಂದು ಕೇಳಿದ. ಹದಿನಾಲ್ಕು ವರ್ಷ ಪಾಠ ಹೇಳಿದವಳಿಗೆ ಆ ಕ್ಷಣ ಬಾಯಿ ಕಟ್ಟಿತು.

ಸಂಜೆ ಕೆನಡಾದಲ್ಲಿರುವ ತಮ್ಮನಿಗೆ ಕರೆ ಮಾಡಿದೆ. ಅವನಿಗೂ ರಜೆ ಇರಲಿಲ್ಲ! ಕೆನಡಾ, ಅಮೆರಿಕ ಎರಡಕ್ಕೂ ಕಾರ್ಮಿಕರ ದಿನ ಸೆಪ್ಟೆಂಬರಿನಲ್ಲಿ ಬರುತ್ತದೆ ಎಂದ. ಮೇ 1ರ ಕಥೆ ಶುರುವಾಗಿದ್ದೇ ಅಮೆರಿಕದ ಶಿಕಾಗೊದಲ್ಲಿ ಎಂದು ನಾನು ಓದಿದ್ದೇನೆ. ಊರೆಲ್ಲ ಹಂಚಿಕೊಂಡ ಹಬ್ಬವನ್ನು ಹೆತ್ತ ಮನೆಯವರೇ ಬಿಟ್ಟಿದ್ದು ಹೇಗೆ? ಹುಡುಗನಿಗೆ ಸರಿಯಾದ ಉತ್ತರ ಕೊಡಬೇಕಾಗಿದೆ.

ವಿಜಯಪುರ ಉಪನ್ಯಾಸಕ

ಅಕ್ಕನವರೇ, ಇದು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುವ ವಿಷಯ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಮೆರಿಕದ ಕಾರ್ಮಿಕ ಸಂಘಗಳ ಒಕ್ಕೂಟವೊಂದು 1884ರಲ್ಲಿ ಒಂದು ನಿರ್ಣಯ ಮಾಡಿತು: 1886ರ ಮೇ 1ರಿಂದ ದಿನಕ್ಕೆ ಎಂಟೇ ಗಂಟೆಯ ದುಡಿಮೆ. ಆಗ ಹತ್ತು, ಹನ್ನೆರಡು ಗಂಟೆ ದುಡಿಯುವುದು ಮಾಮೂಲಾಗಿತ್ತು. ಹೇಳಿದ ದಿನ ಬಂದಾಗ ದೇಶದಾದ್ಯಂತ ಲಕ್ಷಾಂತರ ಜನ ಕೆಲಸ ನಿಲ್ಲಿಸಿದರು. ಅತಿ ದೊಡ್ಡ ಮುಷ್ಕರ ನಡೆದದ್ದು ಶಿಕಾಗೊದಲ್ಲಿ. ಮೇ 3ರಂದು ಅಲ್ಲಿನ ಮೆಕಾರ್ಮಿಕ್ ಕಟಾವು ಯಂತ್ರಗಳ ಕಾರ್ಖಾನೆಯ ಬಾಗಿಲಲ್ಲಿ ಪೊಲೀಸರು ಗುಂಡು ಹಾರಿಸಿ ಕಾರ್ಮಿಕರು ಸತ್ತರು. ಅದನ್ನು ಖಂಡಿಸಲು ಮರುದಿನ ಸಂಜೆ ಹೇಮಾರ್ಕೆಟ್ ಚೌಕದಲ್ಲಿ ಸಭೆ ಸೇರಿತು. ಊರಿನ ಮೇಯರ್ ಸ್ವತಃ ಬಂದು ಕೇಳಿ, ಸಭೆ ಶಾಂತವಾಗಿದೆ ಎಂದು ಮನೆಗೆ ಹೋದರು. ಮಳೆ ಬರುವ ಹಾಗಾಗಿತ್ತು, ಜನ ಚದುರುತ್ತಿದ್ದರು. ಆಗ ಪೊಲೀಸರ ದಂಡು ನುಗ್ಗಿತು, ಯಾರೋ ಬಾಂಬ್ ಎಸೆದರು, ಗುಂಡುಗಳು ಹಾರಿದವು. ಏಳು ಮಂದಿ ಪೊಲೀಸರೂ ಕನಿಷ್ಠ ನಾಲ್ವರು ನಾಗರಿಕರೂ ಪ್ರಾಣ ಕಳೆದುಕೊಂಡರು.

ಎಸೆದವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಆದರೆ ಎಂಟು ಮಂದಿ ಮುಖಂಡರ ಮೇಲೆ ವಿಚಾರಣೆ ನಡೆಯಿತು. 1887ರ ನವೆಂಬರ್ 11ರಂದು ಪಾರ್ಸನ್ಸ್, ಸ್ಪೈಸ್, ಫಿಶರ್, ಎಂಗೆಲ್ ಎಂಬ ನಾಲ್ವರನ್ನು ಗಲ್ಲಿಗೇರಿಸಿದರು. ಲಿಂಗ್ ಎಂಬ ತರುಣ ಹಿಂದಿನ ದಿನ ಸೆರೆಮನೆಯಲ್ಲೇ ಪ್ರಾಣ ತೆಗೆದುಕೊಂಡಿದ್ದ. ಆರು ವರ್ಷಗಳ ನಂತರ, 1893ರಲ್ಲಿ, ಇಲಿನಾಯ್ ರಾಜ್ಯದ ಗವರ್ನರ್ ಆಲ್ಟ್‌ಗೆಲ್ಡ್ ಉಳಿದ ಮೂವರನ್ನು ಬಿಡುಗಡೆ ಮಾಡಿ, ಆ ವಿಚಾರಣೆಯೇ ನ್ಯಾಯವಾಗಿ ನಡೆದಿರಲಿಲ್ಲ ಎಂದು ಬರೆದರು. ಈ ಭಾಗಕ್ಕೆ ಬಂದಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ. ಹೋದವರು ಹೋದ ಮೇಲೆ ಬಂದ ನ್ಯಾಯ ಅದು.

ಅಷ್ಟರಲ್ಲಿ 1889ರಲ್ಲಿ ಪ್ಯಾರಿಸ್‌ನಲ್ಲಿ ಹಲವು ದೇಶಗಳ ಕಾರ್ಮಿಕ ಪ್ರತಿನಿಧಿಗಳು ಸೇರಿದ್ದರು. ಎಂಟು ಗಂಟೆಗಾಗಿ ಎಲ್ಲ ದೇಶಗಳಲ್ಲೂ ಒಂದೇ ದಿನ ಮೆರವಣಿಗೆ ಮಾಡೋಣ ಎಂದರು. ಅಮೆರಿಕದ ಸಂಘದವರು ಆಗಲೇ 1890ರ ಮೇ 1ನ್ನು ಗೊತ್ತು ಮಾಡಿದ್ದರಿಂದ ಅದೇ ತಾರೀಖನ್ನು ಹಿಡಿದರು. ಒಂದು ವರ್ಷಕ್ಕೆಂದು ಇಟ್ಟ ದಿನ ಎಲ್ಲ ವರ್ಷಗಳಿಗೂ ನಿಂತುಬಿಟ್ಟಿತು.

ಬನಹಟ್ಟಿ ಶಿಕ್ಷಕಿ

ಗುರುಗಳೇ, ಧನ್ಯವಾದ. ಆದರೆ ಸೆಪ್ಟೆಂಬರ್ ಎಲ್ಲಿಂದ ಬಂತು? ತಮ್ಮನಿಗೂ ಈ ಚರ್ಚೆಯನ್ನು ಕಳಿಸಿದ್ದೇನೆ.

ವಿಂಡ್ಸರ್‌ನ ಬನಹಟ್ಟಿಯವನು

ಅಕ್ಕ ಹೇಳಿದ ತಮ್ಮ ನಾನೇ. ನಾನು ಇರುವುದು ಗಡಿಯ ಊರಿನಲ್ಲಿ. ಹೊಳೆಯ ಈ ದಂಡೆಯಲ್ಲಿ ವಿಂಡ್ಸರ್, ಆ ದಂಡೆಯಲ್ಲಿ ಅಮೆರಿಕದ ಡೆಟ್ರಾಯಿಟ್. ಎರಡೂ ಕಾರು ತಯಾರಿಸುವ ಊರುಗಳು. ಸೆಪ್ಟೆಂಬರಿನ ಮೊದಲ ಸೋಮವಾರ ಎರಡೂ ದಂಡೆಗಳಲ್ಲಿ ಕಾರ್ಮಿಕರ ದಿನ. ಬೇರೆ ದಿನಗಳಲ್ಲಿ ಸೇತುವೆಯ ಮೇಲೆ ಬಿಡಿಭಾಗ ಹೊತ್ತ ಲಾರಿಗಳ ಸಾಲು ಕರಗುವುದೇ ಇಲ್ಲ. ಆ ಸೋಮವಾರ ಮಾತ್ರ ದಂಡೆಯ ಮೇಲೆ ಮಕ್ಕಳನ್ನು ಕರೆದುಕೊಂಡು ಬಂದ ಸಂಸಾರಗಳೇ ಕಾಣುತ್ತವೆ.

ಇಲ್ಲಿಯವರು ಇದರ ಬೇರನ್ನು 1872ಕ್ಕೆ ಒಯ್ಯುತ್ತಾರೆ. ಟೊರಾಂಟೊದಲ್ಲಿ ಅಚ್ಚುಕೂಟದ ಕಾರ್ಮಿಕರು ಒಂಬತ್ತು ಗಂಟೆಯ ದಿನಕ್ಕಾಗಿ ಮುಷ್ಕರ ಹೂಡಿದ್ದರು. ಆಗ ಸಂಘ ಕಟ್ಟುವುದೇ ಕಾನೂನಿಗೆ ವಿರುದ್ಧವಾಗಿತ್ತು. ಪತ್ರಿಕೆಯ ಒಡೆಯರೊಬ್ಬರು ಅದೇ ಕಾನೂನು ಹಿಡಿದು ಮುಖಂಡರ ಬಂಧನವಾಗುವಂತೆ ಮಾಡಿದರು. ಆದರೆ ಊರಿನ ಜನ ಕಾರ್ಮಿಕರ ಪರವಾಗಿ ನಿಂತರು, ಅದೇ ವರ್ಷ ಪ್ರಧಾನಿ ಮೆಕ್‌ಡೊನಾಲ್ಡ್ ಸಂಘಗಳನ್ನು ಕಾನೂನುಬದ್ಧ ಮಾಡುವ ಕಾಯ್ದೆ ತಂದರು. ರಾಷ್ಟ್ರೀಯ ರಜೆಯಾದದ್ದು 1894ರಲ್ಲಿ. ಅಮೆರಿಕವೂ ಅದೇ ವರ್ಷ ಅದೇ ಸೋಮವಾರವನ್ನು ಘೋಷಿಸಿತು. ಎರಡು ದೇಶಗಳು ಒಂದೇ ರಜೆ ಹಂಚಿಕೊಂಡಿವೆ ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ವಿಜಯಪುರ ಉಪನ್ಯಾಸಕ

ತಮ್ಮಾ, ನೀವು ಹೇಳಿದ 1894ಕ್ಕೆ ಅಮೆರಿಕದ ಕಡೆಯಿಂದ ಇನ್ನೊಂದು ಮುಖವಿದೆ. ನ್ಯೂಯಾರ್ಕಿನಲ್ಲಿ 1882ರ ಸೆಪ್ಟೆಂಬರ್ 5ರಂದು ಸಂಘಗಳು ಸೇರಿ ಮೆರವಣಿಗೆ ಮಾಡಿದ್ದವು, ಆಮೇಲೆ ಹಲವು ರಾಜ್ಯಗಳು ಸೆಪ್ಟೆಂಬರ್ ರಜೆಯನ್ನು ಒಪ್ಪಿದ್ದವು. 1894ರ ಮೇ ತಿಂಗಳಲ್ಲಿ ಪುಲ್‌ಮನ್ ಎಂಬ ರೈಲುಬೋಗಿ ಕಂಪನಿಯ ಕಾರ್ಮಿಕರು ಮುಷ್ಕರಕ್ಕಿಳಿದರು. ಕೂಲಿ ಇಳಿಸಿದ ಕಂಪನಿ ತಾನೇ ಕಟ್ಟಿದ ಮನೆಗಳ ಬಾಡಿಗೆಯನ್ನು ಮಾತ್ರ ಇಳಿಸಿರಲಿಲ್ಲ. ಮುಷ್ಕರ ರೈಲು ಮಾರ್ಗಗಳಿಗೆಲ್ಲ ಹಬ್ಬಿತು. ಅಧ್ಯಕ್ಷ ಕ್ಲೀವ್‌ಲೆಂಡ್ ಜೂನ್ 28ರಂದು ಕಾರ್ಮಿಕರ ದಿನದ ಮಸೂದೆಗೆ ಸಹಿ ಹಾಕಿದರು, ಜುಲೈ ಮೊದಲ ವಾರದಲ್ಲಿ ಅದೇ ಕಾರ್ಮಿಕರ ಮೇಲೆ ಸೈನ್ಯ ಕಳಿಸಿದರು. ಒಂದು ವಾರದ ಅಂತರದಲ್ಲಿ ಎರಡೂ ನಡೆದವು.

ಮೇ 1ಕ್ಕೆ ಹೇಮಾರ್ಕೆಟ್‌ನ ರಕ್ತದ ನೆನಪಿತ್ತು, ಸಮಾಜವಾದಿಗಳ ಕೆಂಪು ಬಾವುಟವಿತ್ತು. ಸೆಪ್ಟೆಂಬರಿಗೆ ಆ ಭಾರವಿರಲಿಲ್ಲ. ಸರ್ಕಾರಕ್ಕೆ ಅದು ಹಿಡಿಸಿತು. 1958ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಮೇ 1ನ್ನು ಕಾನೂನು ದಿನ ಎಂದು ಘೋಷಿಸಿದರು. ಮನೆಯ ಬಾಗಿಲಿಗೆ ಬೇರೆ ಹೆಸರಿನ ಫಲಕ ಹಾಕಿದ ಹಾಗೆ.

ಬಾಗೇವಾಡಿ ಓದುಗ

ಕ್ಷಮಿಸಿ, ನನ್ನದು ಬೇರೆ ಅಭಿಪ್ರಾಯ. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಕುಳಿತು ನಾವು ಶಿಕಾಗೊ, ಟೊರಾಂಟೊ ಎಂದು ದಿನ ಹುಡುಕಬೇಕೇ? ಅಂಬಿಗ, ಮಾದಾರ, ಮಡಿವಾಳ, ನೇಕಾರ ಎಲ್ಲರನ್ನೂ ಒಂದೇ ಅನುಭವ ಮಂಟಪದಲ್ಲಿ ಕೂರಿಸಿದವರು ನಮ್ಮವರು. ದುಡಿಮೆಯನ್ನೇ ಕೈಲಾಸ ಎಂದವರು ನಮ್ಮವರು. ಬಸವ ಜಯಂತಿ ಬಹುತೇಕ ವರ್ಷ ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಬರುತ್ತದೆ. ಅದನ್ನೇ ಕಾರ್ಮಿಕರ ದಿನವೆಂದು ಮಕ್ಕಳಿಗೆ ಹೇಳಿಕೊಟ್ಟರೆ ಸಾಲದೇ?

ಉದ್ಯಮಬಾಗ್ ಮೋಲ್ಡರ್

ಅಣ್ಣನವರೇ, ಬಸವಣ್ಣನವರ ಮೇಲೆ ನನಗೂ ನಿಮ್ಮಷ್ಟೇ ಭಕ್ತಿ. ಆದರೆ ನಾನು ಬೆಳಗಾವಿಯ ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಚ್ಚು ಕಟ್ಟುತ್ತಿದ್ದೇನೆ. ಕರಗಿದ ಕಬ್ಬಿಣವನ್ನು ಸೌಟಿನಿಂದ ಅಚ್ಚಿಗೆ ಹೊಯ್ಯುವಾಗ ಮುಖದ ಚರ್ಮ ಬಿಗಿಯುತ್ತದೆ, ಬೆವರು ಹರಿಯುವ ಮೊದಲೇ ಆರಿಹೋಗುತ್ತದೆ. ಎಂಟನೆಯ ಗಂಟೆಯ ಹೊತ್ತಿಗೆ ಕೈ ನಡುಗುತ್ತದೆ. ಹತ್ತನೆಯ ಗಂಟೆಯಲ್ಲಿ ಅದೇ ಸೌಟು ಹಿಡಿದವನ ಕಾಲ ಮೇಲೆ ಕಬ್ಬಿಣ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸ ದೇವರು, ನಿಜ. ಆದರೆ ಎಷ್ಟು ಗಂಟೆಗೆ ನಿಲ್ಲಿಸಬೇಕು ಎಂದು ಹೇಳುವ ಮಾತೂ ಬೇಕಲ್ಲವೇ? ಮೇ 1 ನನಗೆ ಆ ಮಾತು.

ಕಾನೂನಿನ ವಿಷಯ: ಕರ್ನಾಟಕದಲ್ಲಿ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ 1963ರದ್ದು. ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರ ಸಾಲಿನಲ್ಲೇ ಮೇ 1 ಕೂಡ ಅದರಲ್ಲಿದೆ, ಸಂಬಳ ಸಹಿತ ರಜೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಅದು ಸಿಗುತ್ತದೆ. ನನ್ನ ಪಕ್ಕದಲ್ಲೇ ಅದೇ ಕೆಲಸ ಮಾಡುವ ಗುತ್ತಿಗೆಯ ಹುಡುಗರು ಆ ದಿನ ಬರದಿದ್ದರೆ ಅಂದಿನ ಕೂಲಿ ಹೋಗುತ್ತದೆ. ಇದನ್ನು ನೋಡಿಕೊಂಡು ಶುಭಾಶಯ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಗುಳೇದಗುಡ್ಡದ ಖಣ

ಬಾಗೇವಾಡಿಯ ಅಣ್ಣನವರ ಮಾತು ನನಗೆ ಪೂರ್ತಿ ತಪ್ಪೆನಿಸುವುದಿಲ್ಲ. ಐದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆರಿಸಿ ತಂದಾಗ, ಇದು ನಮಗೆ ಬೇಡ, ಇದ್ದಲ್ಲಿಗೇ ಸುರಿದು ಬನ್ನಿ ಎಂದು ಮರಳಿ ಕಳಿಸಿದವಳು ಆಕೆ. ‘ಸಾಕು’ ಎನ್ನುವ ಗೆರೆಯನ್ನು ಹೊಸ್ತಿಲಲ್ಲೇ ಎಳೆದಳು. ಶಿಕಾಗೊದವರು ಕೇಳಿದ್ದೂ ಒಂದು ಗೆರೆಯನ್ನೇ, ಅವರದು ಗಡಿಯಾರದ ಮೇಲೆ.

ನಮ್ಮ ಹಿರಿಯರಿಗೂ ಆ ಗೆರೆ ಗೊತ್ತಿತ್ತು. ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಕುಣಿಮಗ್ಗದಲ್ಲಿ ಕಾಲಿಡುತ್ತಿರಲಿಲ್ಲ. ಲಾಳಿಗೆ ಕುಂಕುಮ ಹಚ್ಚಿ ಕೈಮುಗಿದು ಹೊರಗೆ ಬರುತ್ತಿದ್ದರು. ಹೊಲ ಇದ್ದವರು ಸೋಮವಾರ ಎತ್ತು ಹೂಡುತ್ತಿರಲಿಲ್ಲ, ಅದು ಬಸವಣ್ಣನ ವಾರ. ಕೆನಡಾದ ತಮ್ಮ ಸೋಮವಾರದ ರಜೆ ಎಂದದ್ದನ್ನು ಓದಿದಾಗ ನನಗೆ ನಮ್ಮ ಅಜ್ಜ ಎತ್ತುಗಳ ಮೈ ತೊಳೆಯುತ್ತಿದ್ದ ಸೋಮವಾರಗಳು ನೆನಪಾದವು. ಎತ್ತಿಗೆ ಕೊಟ್ಟ ವಾರದ ಬಿಡುವನ್ನು ಮನುಷ್ಯನಿಗೆ ಕೊಡಲು ಕಾಯ್ದೆಯೇ ಬೇಕಾಯಿತು.

ಗಿರಣಿ ಕಾಕಾ, ಖಾನಾಪುರ

ಮಕ್ಕಳೇ, ನಿಮ್ಮ ಮಾತು ಓದಿ ಕೈ ತಡೆಯಲಿಲ್ಲ. ನಾನು ಮುಂಬೈಯ ಬಟ್ಟೆ ಗಿರಣಿಯಲ್ಲಿ ಹನ್ನೊಂದು ವರ್ಷ ದುಡಿದವನು. ನಮ್ಮ ಭಾಗದಿಂದ ನೂರಾರು ಜನ ಹೋಗುತ್ತಿದ್ದರು. ಒಂದು ಖೋಲಿಯಲ್ಲಿ ಹದಿನೈದು ಮಂದಿ. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗುತ್ತಿದ್ದ. ಗಿರಣಿಯ ಭೋಂಗಾ ಕೂಗಿದರೆ ಊರೇ ಏಳುತ್ತಿತ್ತು. ಬಾಗಿಲಲ್ಲಿ ಹಿತ್ತಾಳೆಯ ಬಿಲ್ಲೆ ತೋರಿಸಿದರೆ ಮಾತ್ರ ಒಳಗೆ ಪ್ರವೇಶ. ನನ್ನ ಬಿಲ್ಲೆ ಈಗಲೂ ದೇವರ ಕೋಣೆಯಲ್ಲಿದೆ.

ಶಿಕಾಗೊದ ಮಾತಾಡುವಾಗ ನಾರಾಯಣ ಮೇಘಾಜಿ ಲೋಖಂಡೆಯವರನ್ನು ಮರೆಯಬೇಡಿ. ಜೋತಿಬಾ ಫುಲೆಯವರ ಜೊತೆಗಾರರು. ಮುಂಬೈ ಗಿರಣಿಯವರಿಗೆ ವಾರಕ್ಕೊಂದು ದಿನವೂ ಬಿಡುವಿಲ್ಲದ ಕಾಲದಲ್ಲಿ ಸಂಘ ಕಟ್ಟಿ, ಸಭೆ ಸೇರಿಸಿ, 1890ರಲ್ಲಿ ಭಾನುವಾರದ ರಜೆ ಕೊಡಿಸಿದವರು. ಮರುವರ್ಷದ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ರಜೆ ಬರಹಕ್ಕೆ ಬಂತು. ಇಂದು ಭಾನುವಾರ ಕಾಲು ಚಾಚಿ ಮಲಗುವ ಪ್ರತಿಯೊಬ್ಬರೂ ಆ ಮನುಷ್ಯನಿಗೆ ಋಣಿಗಳು.

ಇನ್ನೊಂದು ಮಾತು. ಗಡಿಯಾಚೆ ಮೇ 1ಕ್ಕೆ ಎರಡು ಅರ್ಥ. 1960ರ ಮೇ 1ರಂದು ಮಹಾರಾಷ್ಟ್ರ, ಗುಜರಾತ್ ರಾಜ್ಯಗಳು ಹುಟ್ಟಿದವು, ಆದ್ದರಿಂದ ಅಲ್ಲಿ ಅದು ರಾಜ್ಯದ ದಿನವೂ ಹೌದು. ಮಹಾರಾಷ್ಟ್ರ ರಾಜ್ಯಕ್ಕಾಗಿ ನಡೆದ ಚಳವಳಿಯಲ್ಲಿ ಗಿರಣಿಯವರು ಮುಂದಿನ ಸಾಲಿನಲ್ಲಿದ್ದರು, ಪ್ರಾಣವನ್ನೂ ಕೊಟ್ಟರು. ಬೆಳಗಾವಿಯಲ್ಲಿ ರಾಜ್ಯದ ದಿನ ಎಂದೊಡನೆ ಕೆಲವರಿಗೆ ಮೈ ಉರಿಯುತ್ತದೆ, ಎರಡೂ ಕಡೆ. ನಾನು ಕನ್ನಡದವನು, ನನ್ನ ಪಕ್ಕದ ಮಗ್ಗದವನು ಕೊಲ್ಲಾಪುರದ ಮರಾಠಿಗ. 1982ರ ಜನವರಿ 18ಕ್ಕೆ ದೊಡ್ಡ ಮುಷ್ಕರ ಶುರುವಾಗಿ ಸುಮಾರು ಎರಡೂವರೆ ಲಕ್ಷ ಜನ ಹೊರಗೆ ನಿಂತಾಗ, ಅವನ ಮನೆಯ ಜೋಳದ ಹಿಟ್ಟಿನಲ್ಲಿ ನಾನು ಮೂರು ತಿಂಗಳು ಉಂಡಿದ್ದೇನೆ. ಆಮೇಲೆ ನಾವಿಬ್ಬರೂ ಬರಿಗೈಯಲ್ಲಿ ಒಂದೇ ರೈಲಿನಲ್ಲಿ ಊರಿಗೆ ಮರಳಿದೆವು. ಆ ಗಿರಣಿ ಮತ್ತೆ ನಮ್ಮನ್ನು ಕರೆಯಲಿಲ್ಲ.

ನಿಪ್ಪಾಣಿ ಓದುಗಿ

ಕಾಕಾ, ನಿಮ್ಮ ಮಾತು ಓದಿ ಕಣ್ಣು ತುಂಬಿತು.

ನಮ್ಮ ಊರಿನಲ್ಲಿ ಬೀಡಿ ಕಟ್ಟುವ ತಾಯಂದಿರಿದ್ದಾರೆ. ನನ್ನ ಅವ್ವನೂ ಕಟ್ಟಿದವಳು. ಲೆಕ್ಕ ಸಾವಿರಕ್ಕೆ. ಎಲೆ ನೆನೆಸಿ, ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಬಿಗಿದು ಸಾವಿರ ಆಗುವವರೆಗೆ ಅವ್ವ ಏಳುತ್ತಿರಲಿಲ್ಲ. ಎಲೆ ಕೆಟ್ಟಿದ್ದರೆ, ಬೀಡಿ ಸಣ್ಣದಾದರೆ ಎಣಿಕೆಯಲ್ಲಿ ಕಳೆಯುತ್ತಿದ್ದರು. ಮನೆಯಲ್ಲೇ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು ಲೆಕ್ಕಕ್ಕೆ ಹಿಡಿದದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಆದರೆ ಎಂಟು ಗಂಟೆಯನ್ನು ಎಣಿಸುವವರು ಯಾರು? ಅವ್ವನ ಗಡಿಯಾರ ಬೀಡಿಯ ಮೊರದಲ್ಲಿತ್ತು.

ಶಿಕ್ಷಕಿಯಕ್ಕ, ನಿಮ್ಮ ಹುಡುಗನ ಪ್ರಶ್ನೆಯ ತೊಡಕು ಇಲ್ಲೇ ಇದೆ ಎಂದು ನನಗನಿಸುತ್ತದೆ. ಅವನ ಅಪ್ಪನಿಗೆ ಸಿಗುವುದು ಸೀರೆಯ ಲೆಕ್ಕದ ಮಜೂರಿ, ಗಂಟೆಯ ಲೆಕ್ಕದ್ದಲ್ಲ.

ಬನಹಟ್ಟಿ ಶಿಕ್ಷಕಿ

ಹೌದಕ್ಕಾ, ಸೀರೆಯ ಲೆಕ್ಕವೇ. ಜೊತೆಗೆ ಮುಂಗಡದ ಬಾಕಿ. ಮಗಳ ಮದುವೆಗೆ ಮಾಲೀಕರಿಂದ ಪಡೆದ ಮುಂಗಡ ತೀರುವವರೆಗೆ ಬೇರೆ ಶೆಡ್ಡಿಗೆ ಹೋಗುವಂತಿಲ್ಲ. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆ, ಅದೇ ಅವರಿಗೆ ಬಿಡುವು, ಆ ಬಿಡುವಿಗೆ ಕೂಲಿ ಇಲ್ಲ. ಕಳೆದುಹೋದ ಹೊತ್ತನ್ನು ರಾತ್ರಿ ಹನ್ನೊಂದರವರೆಗೆ ನಿಂತು ತುಂಬುತ್ತಾರೆ. ಮಾಲೀಕರೂ ದೊಡ್ಡ ಶ್ರೀಮಂತರಲ್ಲ, ಅವರೇ ಒಂದು ಮಗ್ಗದ ಮುಂದೆ ನಿಂತಿರುತ್ತಾರೆ, ನೂಲಿನ ಬೆಲೆ ಏರಿದ ವಾರ ಅವರ ಮುಖ ನೋಡಲಾಗುವುದಿಲ್ಲ. ಬೈಯಲು ಒಬ್ಬ ಖಳ ಸಿಕ್ಕಿದ್ದರೆ ಉತ್ತರ ಸುಲಭವಾಗುತ್ತಿತ್ತು.

ವಿಜಯಪುರ ಉಪನ್ಯಾಸಕ

ಬಾಗೇವಾಡಿಯ ಸಹೋದರರು ಎತ್ತಿದ ಮಾತಿಗೆ ನಾನು ಉತ್ತರಿಸಿರಲಿಲ್ಲ. ಎಂಟು ಗಂಟೆಯ ಬೇಡಿಕೆ ಹೊರಗಿನಿಂದ ಬಂದದ್ದು ಎನ್ನುವುದು ಅರ್ಧ ಮಾತ್ರ ನಿಜ. 1856ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಕಲ್ಲುಕುಟಿಗರು ಕೆಲಸ ನಿಲ್ಲಿಸಿ ಮೆರವಣಿಗೆ ಹೊರಟು ಎಂಟು ಗಂಟೆಯ ದಿನವನ್ನು ಗೆದ್ದರು. ಅದಾಗಿ ಆರೇ ವರ್ಷಕ್ಕೆ, 1862ರಲ್ಲಿ, ನಮ್ಮ ಬಂಗಾಳದ ಹೌರಾ ರೈಲು ನಿಲ್ದಾಣದಲ್ಲಿ ಸುಮಾರು 1,200 ಕಾರ್ಮಿಕರು ಅದೇ ಎಂಟು ಗಂಟೆಗಾಗಿ ಕೆಲಸ ಬಿಟ್ಟು ಹೊರಬಂದಿದ್ದರು. ಶಿಕಾಗೊಗಿಂತ 24 ವರ್ಷ ಮೊದಲು! ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲು ಸಿಕ್ಕರೂ ನಾನು ಸಂತೋಷಪಡುತ್ತೇನೆ.

ಭಾರತದಲ್ಲಿ ಮೊದಲ ಮೇ ದಿನ ಆಚರಿಸಿದ್ದು 1923ರಲ್ಲಿ, ಮದ್ರಾಸಿನ ಕಡಲ ತೀರದಲ್ಲಿ. ಸಿಂಗಾರವೇಲು ಚೆಟ್ಟಿಯಾರ್ ಕೆಂಪು ಬಾವುಟ ಹಾರಿಸಿ, ಈ ದಿನಕ್ಕೆ ಸರ್ಕಾರ ರಜೆ ಕೊಡಬೇಕೆಂದು ಕೇಳಿದರು. ಆಗ 1922ರ ಕಾಯ್ದೆಯ ಪ್ರಕಾರ ವಾರಕ್ಕೆ 60 ಗಂಟೆ ದುಡಿಸಬಹುದಿತ್ತು. 1934ರಲ್ಲಿ ಅದು 54 ಆಯಿತು. 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಡಾ. ಅಂಬೇಡ್ಕರ್. ಆ ಕಾಲದ ಪ್ರಯತ್ನದಿಂದಲೇ 1946ರ ತಿದ್ದುಪಡಿಯಲ್ಲಿ 48 ಗಂಟೆ ಬಂತು, 1948ರ ಕಾರ್ಖಾನೆಗಳ ಕಾಯ್ದೆ ಅದನ್ನೇ ಉಳಿಸಿಕೊಂಡಿತು. ಆರು ದಿನಕ್ಕೆ ಹಂಚಿದರೆ ಎಂಟು. ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ. 60ರಿಂದ 48ಕ್ಕೆ ಇಳಿಯಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

ಉದ್ಯಮಬಾಗ್ ಮೋಲ್ಡರ್

ಗುರುಗಳೇ, 2023ರಲ್ಲಿ ನಮ್ಮ ವಿಧಾನಮಂಡಲ ಅದೇ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಕಾರ್ಮಿಕನ ಒಪ್ಪಿಗೆ ಬೇಕು ಎಂದಿತ್ತು. ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸಕ್ಕೆ ನಾಲ್ಕು ದಿನದ ವಾರ ಹಿತವಾಗಿರಬಹುದು, ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕುಲುಮೆಯ ಮುಂದೆ ಹತ್ತನೆಯ ಗಂಟೆ ಹೇಗಿರುತ್ತದೆ ಎಂಬುದನ್ನು ಆಗಲೇ ಬರೆದಿದ್ದೇನೆ. ಒಪ್ಪದ ಗುತ್ತಿಗೆ ಹುಡುಗನನ್ನು ಮರುದಿನ ಯಾರು ಕರೆಯುತ್ತಾರೆ?

ಬಾಗೇವಾಡಿ ಓದುಗ

ಹೌರಾದ ವಿಷಯ ನನಗೆ ತಿಳಿದಿರಲಿಲ್ಲ, ತಿಳಿಸಿದ್ದಕ್ಕೆ ಶರಣು. ಬಸವ ಜಯಂತಿಯ ಬಗ್ಗೆ ನನ್ನ ಮಾತು ಹಾಗೆಯೇ ಇದೆ. ಆದರೆ ಅದರ ಜೊತೆ ಮೇ 1 ಇರಬಾರದು ಎಂದು ನಾನು ಇನ್ನು ಹೇಳುವುದಿಲ್ಲ. ಮೋಲ್ಡರ್ ತಮ್ಮ ಹೇಳಿದ ಸೌಟಿನ ಸಂಗತಿ ರಾತ್ರಿಯೆಲ್ಲ ಕಾಡಿತು.

ವಿಂಡ್ಸರ್‌ನ ಬನಹಟ್ಟಿಯವನು

ಅಕ್ಕಾ, ಒಂದು ಮಾತು ಬಿಟ್ಟಿದ್ದೆ. ಇಲ್ಲಿ ಸೆಪ್ಟೆಂಬರಿನ ಆ ಸೋಮವಾರವೂ ಅಂಗಡಿ, ಹೋಟೆಲು, ಗೋದಾಮುಗಳಲ್ಲಿ ದುಡಿಯುವವರು ಇದ್ದೇ ಇರುತ್ತಾರೆ, ಅವರಲ್ಲಿ ಹೆಚ್ಚಿನವರು ನನ್ನ ಹಾಗೆ ಹೊರಗಿನಿಂದ ಬಂದವರು. ಮೊದಲ ವರ್ಷ ನಾನೂ ಆ ದಿನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದ್ದೆ. ಕಿಟಕಿಯಿಂದ ಮೆರವಣಿಗೆಯ ವಾದ್ಯ ಕೇಳುತ್ತಿತ್ತು.

ಬನಹಟ್ಟಿ ಶಿಕ್ಷಕಿ

ನಿನ್ನೆ ಸಂಜೆ ಕರೆಂಟ್ ಹೋದಾಗ ಹುಡುಗನನ್ನೂ ಅವನ ಅಪ್ಪನನ್ನೂ ಕಟ್ಟೆಯ ಮೇಲೆ ಕೂರಿಸಿಕೊಂಡು ಇದನ್ನೆಲ್ಲ ಓದಿದೆ. ‘ನಿನ್ನ ಅಪ್ಪ ಕಾರ್ಮಿಕರೇ. ಮೇ 1 ಶುರುವಾದಾಗ ಶಿಕಾಗೊದವರಿಗೂ ಆ ದಿನ ರಜೆ ಇರಲಿಲ್ಲ, ಅವರು ಕೆಲಸ ಬಿಟ್ಟು ಹೊರಗೆ ಬಂದದ್ದರಿಂದಲೇ ಅದು ದಿನವಾಯಿತು’ ಎಂದೆ. ಹುಡುಗ ಹೌರಾ ಎಲ್ಲಿದೆ ಎಂದು ನಕಾಶೆಯಲ್ಲಿ ಹುಡುಕಿದ. ಅವನ ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಕೈಯಲ್ಲಿದ್ದ ಖಾಲಿ ಕಂಡಿಕೆಯನ್ನು ತಿರುಗಿಸುತ್ತಾ, ‘ನಮ್ಮ ಅಪ್ಪನ ಕಾಲದಲ್ಲಿ ಅಮಾವಾಸ್ಯೆಗಾದರೂ ಮಗ್ಗ ನಿಲ್ಲುತ್ತಿತ್ತು’ ಎಂದರು. ಅಷ್ಟರಲ್ಲಿ ಕರೆಂಟ್ ಬಂತು, ಎದ್ದು ಹೋದರು.

ಕಾಕಾ, ನಿಮ್ಮ ಆ ಬಿಲ್ಲೆಯ ಚಿತ್ರವೊಂದನ್ನು ಕಳಿಸಲು ಸಾಧ್ಯವೇ? ಹುಡುಗ ಕೇಳುತ್ತಿದ್ದಾನೆ.

ಗಿರಣಿ ಕಾಕಾ, ಖಾನಾಪುರ

ಚಿತ್ರ ಬೇಡ ತಾಯಿ. ಮುಂದಿನ ವಾರ ಜಮಖಂಡಿಯ ಬೀಗರ ಮನೆಗೆ ಬರುವವನಿದ್ದೇನೆ, ಅಲ್ಲಿಂದ ಬನಹಟ್ಟಿ ಎಷ್ಟು ದೂರ! ಬಿಲ್ಲೆಯನ್ನೇ ತರುತ್ತೇನೆ. ಹುಡುಗ ಕೈಯಲ್ಲಿ ಹಿಡಿದು ನೋಡಲಿ. ಅವನ ಅಪ್ಪ ಯಾವ ಹೊತ್ತಿಗೆ ಮಗ್ಗದಿಂದ ಇಳಿಯುತ್ತಾರೆ ಎಂದು ತಿಳಿಸಿ, ಆ ಹೊತ್ತಿಗೇ ಬರುತ್ತೇನೆ.